ಒಂದಿಂಚು ಕಮ್ಮಿ ಬಿದ್ದ ಮೊಮ್ಮಗ ಮತ್ತು ಜಾತ್ರೆಯ ಕೊಲಂಬಸ್

ಸಂಪಾದಕರಿಗೆ ನಮಸ್ಕಾರ.

ಅಮ್ಯೂಸ್‌ಮೆಂಟ್ ಪಾರ್ಕುಗಳಲ್ಲಿ ಮಕ್ಕಳನ್ನು ಕೋಲಿಗೆ ಆನಿಸಿ ನಿಲ್ಲಿಸಿ, ಎತ್ತರ ಸಾಲದವರನ್ನು ವಾಪಸ್ ಕಳಿಸುತ್ತಾರೆ, ದುಡ್ಡು ಕೊಟ್ಟು ಬಂದವರಿಗೆ ಇದು ಅವಮಾನ ಅಂತ ಹೋದ ವಾರ ಇದೇ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಅವರ ಸಿಟ್ಟು ನನಗೆ ಗೊತ್ತಾಗುತ್ತದೆ. ದಸರಾ ರಜೆಯಲ್ಲಿ ನನ್ನ ಮೊಮ್ಮಗನಿಗೂ ಹಾಗೇ ಆಯಿತು. ಆದರೂ ಅವರ ಮಾತು ನಾನು ಒಪ್ಪುವುದಿಲ್ಲ. ಬೆಟಗೇರಿಯಲ್ಲಿ 31 ವರ್ಷದಿಂದ ಹೊಲಿಗೆ ಅಂಗಡಿ ಇಟ್ಟುಕೊಂಡವಳು ನಾನು. ಜೂನ್ ಬಂತೆಂದರೆ ಶಾಲೆ ಮಕ್ಕಳ ಯೂನಿಫಾರ್ಮ್, ಉಳಿದಂತೆ ಬ್ಲೌಸು, ಚೂಡಿದಾರ. ಅಳತೆಯ ವಿಷಯ ಬಂದರೆ ಸುಮ್ನೆ ಕೂರೋಕೆ ಆಗಲ್ಲ.

ನಾವು ಹೋಗಿದ್ದು ಬೆಂಗಳೂರು ಕಡೆಯ ಒಂದು ಪಾರ್ಕಿಗೆ. ಹೆಸರು ಬೇಡ. ಬಾಡಿಗೆ ಕ್ರೂಸರ್, ಒಟ್ಟು ಹನ್ನೊಂದು ಜನ. ರಾತ್ರಿ ಊಟ ಮುಗಿಸಿ ಗದಗ ಬಿಟ್ಟು, ಹುಬ್ಬಳ್ಳಿಯಲ್ಲಿ ಮಗಳು, ಅಳಿಯಂದಿರು, ಮೊಮ್ಮಗನನ್ನು ಹತ್ತಿಸಿಕೊಂಡು ಹೈವೇ ಹಿಡಿದೆವು. ಹಾವೇರಿ ದಾಟುವ ತನಕ ಅಂತ್ಯಾಕ್ಷರಿ, ರಾಣೆಬೆನ್ನೂರಿನಿಂದ ಗೊರಕೆ. ಹಿರಿಯೂರಿನ ಹತ್ತಿರ ಚಹಾ ಕುಡಿದೆವು. ತುಮಕೂರು ಬಂದಾಗ ಬೆಳಕು ಹರಿದಿತ್ತು. ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಿಂದೆವು. ಗದಗಿನಿಂದ ಲೆಕ್ಕ ಹಾಕಿದರೆ 450 ಕಿಲೋಮೀಟರ್‌ಗೂ ಜಾಸ್ತಿ. ಇಷ್ಟು ದೂರವೂ ಹುಡುಗನ ಬಾಯಲ್ಲಿ ಒಂದೇ ಮಾತು, ರೋಲರ್ ಕೋಸ್ಟರ್. ಮೊಬೈಲ್‌ನಲ್ಲಿ ಅದರ ವಿಡಿಯೊ ಎಷ್ಟು ಸಲ ನೋಡಿದ್ದನೋ, ಎಲ್ಲಿ ಕೈ ಎತ್ತಬೇಕು ಅನ್ನುವುದನ್ನೂ ಕಲಿತುಬಿಟ್ಟಿದ್ದ.

ಗೇಟಿನ ಹತ್ತಿರ ಒಂದು ಕೋಲು. ಅದರ ಮೇಲೆ 140 ಸೆಂಟಿಮೀಟರ್‌ಗೆ ಕೆಂಪು ಗೆರೆ. ನಮ್ಮ ಲೆಕ್ಕದಲ್ಲಿ 55 ಇಂಚು, ಮೇಲೆ ಚೂರು. ಹುಡುಗ ಎದೆ ಉಬ್ಬಿಸಿ ನಿಂತ. ತಲೆ ಗೆರೆಯ ಕೆಳಗೇ ಉಳಿಯಿತು. ಅಲ್ಲಿದ್ದ ಹುಡುಗಿ ಎರಡನೇ ಸಲ ನಿಲ್ಲಿಸಿ ನೋಡಿದಳು, ಅಂಗೈಯನ್ನು ಅವನ ನೆತ್ತಿಯ ಮೇಲೆ ಸಪಾಟಾಗಿ ಇಟ್ಟು. ಆಮೇಲೆ ತಲೆ ಅಲ್ಲಾಡಿಸಿದಳು. ನನಗೆ ಅವನು ಸಾಲಿನಲ್ಲಿ ನಿಂತಾಗಲೇ ಗೊತ್ತಾಗಿತ್ತು. ನಮ್ಮ ಅಂಗಡಿಯ ಬಾಗಿಲ ಚೌಕಟ್ಟಿನ ಮೇಲೆ ಅವನು ರಜೆಗೆ ಬಂದಾಗಲೆಲ್ಲ ಪೆನ್ಸಿಲ್ ಗೆರೆ ಹಾಕುತ್ತೇನೆ. ಮೇ ತಿಂಗಳ ಗೆರೆ 53 ಮುಕ್ಕಾಲಿಗೆ ಇತ್ತು. ಐದು ತಿಂಗಳಲ್ಲಿ ಅರ್ಧ ಇಂಚು ಬೆಳೆದಿದ್ದಾನೆ ಅಂದುಕೊಂಡರೂ ಇಂಚಿನಷ್ಟು ಕಮ್ಮಿಯೇ.

ಅವನ ಮುಖ ನೋಡೋಕೆ ಆಗಲಿಲ್ಲ. ಜೊತೆಗೆ ಬಂದಿದ್ದ ನಮ್ಮ ಸಂಬಂಧಿಕರೊಬ್ಬರು ಒಂದು ಉಪಾಯ ಹೇಳಿದರು. ಬೂಟಿನೊಳಗೆ ಪೇಪರ್ ಮಡಚಿ ಇಟ್ಟು ಮಧ್ಯಾಹ್ನ ಮತ್ತೆ ಬರೋಣ, ಆಗ ಗೇಟಿನಲ್ಲಿ ಬೇರೆಯವರು ಇರುತ್ತಾರೆ ಅಂತ. ನಾನು ಬೇಡ ಅಂದೆ. ಬ್ಲೌಸಿಗೆ ಪ್ಯಾಡ್ ಇಟ್ಟರೆ ಕನ್ನಡಿಯಲ್ಲಿ ಭುಜ ಅಗಲ ಕಾಣುತ್ತದೆ. ಭುಜ ಬೆಳೆಯುತ್ತಾ?

ಹುಡುಗನೇ ಕೊನೆಗೆ ಅಂದ, "ಆಯಿ, ನೀ ಹೋಗಿ ಬಾ. ಮ್ಯಾಲೆ ಹೆಂಗ ಅನ್ನಸ್ತದ ನನಗ ಹೇಳು."

ನನಗೆ 56 ವರ್ಷ. ಬಿಪಿ, ಶುಗರ್ ಇಲ್ಲ. ಬೋರ್ಡಿನಲ್ಲಿ ಬರೆದಿದ್ದ ಹೃದಯದ ತೊಂದರೆ, ಕುತ್ತಿಗೆ ನೋವು, ಬೆನ್ನು ನೋವು ಯಾವುದೂ ಇಲ್ಲ. ಅಂದು ಮಗಳ ಒತ್ತಾಯಕ್ಕೆ ಚೂಡಿದಾರ ಹಾಕಿದ್ದೆ. ದುಪಟ್ಟಾ ತೆಗೆದು ಹೊರಗಿಡಿ ಅಂದರು, ಮಗಳ ಕೈಗೆ ಕೊಟ್ಟೆ. ಕನ್ನಡಕವನ್ನೂ ಕೊಟ್ಟೆ. ಎದುರಿಗಿರುವುದು ಅರ್ಧಂಬರ್ಧ ಕಾಣಿಸಿದ್ದೇ ಒಳ್ಳೆಯದಾಯಿತು ಅನ್ನಿ.

ಕೂತ ಮೇಲೆ ಎರಡೂ ಭುಜದ ಮೇಲಿಂದ ದಪ್ಪ ಕಂಬಿ ಇಳಿಯಿತು, ಮೇಲೆ ಮೆತ್ತೆ ಸುತ್ತಿದ್ದ ಕಂಬಿ. ಒಬ್ಬ ಹುಡುಗ ಸಾಲಾಗಿ ಬಂದು ಪ್ರತಿಯೊಂದನ್ನೂ ಕೆಳಗೊತ್ತಿ, ಮೇಲಕ್ಕೆ ಎಳೆದು ನೋಡಿದ. ಒಂದನ್ನೂ ಬಿಡಲಿಲ್ಲ. ಅಲ್ಲಿ ನನ್ನ ಕಣ್ಣು ಹೋಗಿದ್ದು ಕಂಬಿ ಭುಜದ ಮೇಲೆ ಕೂರುವ ಜಾಗಕ್ಕೆ. ಸೀಟಿನಿಂದ ಭುಜದ ತನಕ ಇಷ್ಟು ಉದ್ದದ ಮೈ ಇರಬೇಕು ಅಂತ ಯಾರೋ ಕೂತು ಲೆಕ್ಕ ಹಾಕಿ ಮಾಡಿದ್ದಾರೆ. ಅದಕ್ಕಿಂತ ಚಿಕ್ಕ ಮೈ ಆದರೆ ಕಂಬಿ ಭುಜದ ಮೇಲೆ ಸರಿಯಾಗಿ ಕೂರುವುದಿಲ್ಲ. ಕಿವಿ, ದವಡೆಗೆ ಬಡಿಯುತ್ತದೆ, ಕೆಳಗೆ ಮಗು ಜಾರಲು ಜಾಗ ಉಳಿಯುತ್ತದೆ. ದೊಡ್ಡವರ ಅಂಗಿ ಮಗುವಿಗೆ ಹಾಕಿದರೆ ಕತ್ತಿನಿಂದ ಜಾರುತ್ತದಲ್ವಾ, ಹಾಗೆ. ಇಂಚಿನ ಬೆಲೆ ನನಗೆ ತಿಳಿದಿದ್ದು ಅಲ್ಲಿ ಕೂತಾಗ.

ಆ ಗಾಡಿ ಮುಂದೆ ಹೋಗುವ ಮೊದಲು ಹಿಂದಕ್ಕೆ ಹೋಗುತ್ತದೆ. ನಮ್ಮನ್ನು ಬೆನ್ನ ಹಿಂದಿನಿಂದ ಮೇಲಕ್ಕೆ ಎಳೆಯಿತು. ಮುಖ ನೆಲದ ಕಡೆ, ಇಡೀ ಮೈಯ ಭಾರ ಆ ಕಂಬಿಯ ಮೇಲೆ. ಮೇಲೆ ಒಂದು ಗಳಿಗೆ ನಿಂತಿತು. ಯಾರೂ ಮಾತಾಡಲಿಲ್ಲ. ಆಮೇಲೆ ಬಿಟ್ಟುಬಿಟ್ಟರು.

"ಯವ್ವಾ" ಅಂದಿದ್ದು ನೆನಪಿದೆ. ತಲೆ ಕೆಳಗಾಗಿದ್ದು ಎಷ್ಟು ಸಲ ಅಂತ ಎಣಿಸಲಿಲ್ಲ. ಆ ಕಡೆಯ ಏರು ಹತ್ತಿ ನಿಂತಾಗ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಬಂದ ದಾರಿಯಲ್ಲೇ ಹಿಮ್ಮುಖವಾಗಿ ವಾಪಸ್! ಹೊಲಿಗೆಯ ತುದಿಯಲ್ಲಿ ದಾರ ಬಿಚ್ಚದಿರಲಿ ಅಂತ ನಾವು ರಿವರ್ಸ್ ಹೊಲಿಗೆ ಹಾಕುತ್ತೇವಲ್ಲ, ಬಟ್ಟೆಗೆ ಹೀಗೇ ಅನ್ನಿಸುತ್ತಿರಬೇಕು.

ಇಳಿದು ಬಂದು ಹುಡುಗನ ಪಕ್ಕ ಕೂತು ಎಲ್ಲ ಹೇಳಿದೆ. ಕೆಳಗಿನಿಂದ ಮತ್ತೆ ಹಳಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಗಾಡಿಯನ್ನು ತಲೆಕೆಳಗು ಮಾಡುವ ಆ ಸುತ್ತು ಬಳೆಯ ಹಾಗೆ ಗುಂಡಗಿಲ್ಲ. ಮೇಲೆ ಬಿಗಿ, ಕೆಳಗೆ ಬರುತ್ತಾ ಸಡಿಲ, ಹೆಚ್ಚುಕಮ್ಮಿ ನೀರಿನ ಹನಿಯ ಆಕಾರ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಪಾಠ ಮಾಡುವ ಅಳಿಯಂದಿರು ವಿವರಿಸಿದರು. 1895ರ ಹೊತ್ತಿಗೆ ಅಮೆರಿಕದ ಕೋನಿ ಐಲೆಂಡ್‌ನಲ್ಲಿ ಗುಂಡನೆಯ ಸುತ್ತಿನ ಗಾಡಿ ಮಾಡಿದ್ದರಂತೆ. ಒಳಗೆ ನುಗ್ಗುವಾಗ ಒಮ್ಮೆಲೇ ಜೋರು ಹೊಡೆತ ಬಿದ್ದು ಕೂತವರ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಪಾರ್ಕಿನಲ್ಲಿ ವೆರ್ನರ್ ಸ್ಟೆಂಗೆಲ್ ಎಂಬ ಜರ್ಮನ್ ಎಂಜಿನಿಯರ್ ಹನಿಯ ಆಕಾರದ ಸುತ್ತು ತಂದ ಮೇಲೆ ಅದೇ ರೂಢಿಯಾಯಿತು. ನಮ್ಮಲ್ಲೂ ತೋಳು ಕೂಡಿಸುವ ಕಡೆ ಗುಂಡಗೆ ಕತ್ತರಿಸಿದರೆ ಕಂಕುಳಲ್ಲಿ ಹಿಡಿಯುತ್ತದೆ. ಮುಂದಿನ ಭಾಗಕ್ಕೆ ಒಂದು ಥರದ ತಿರುವು, ಹಿಂದಿನದಕ್ಕೆ ಇನ್ನೊಂದು ಥರ. ಕಲಿಯಲು ನನಗೆ ವರ್ಷಗಟ್ಟಲೆ ಬೇಕಾಯಿತು, ರೋಲರ್ ಕೋಸ್ಟರ್ ಮಾಡುವವರಿಗೆ 80 ವರ್ಷ ಹಿಡಿಯಿತು.

ಇನ್ನು ನನ್ನ ದೂರು. ಅದು ಆ ಕೋಲಿನ ಮೇಲೆ ಅಲ್ಲ. ನಮಗೆ ಈ ಟೂರು ಮಾಡಿಸಿದವರು ವಾಟ್ಸ್‌ಆ್ಯಪ್‌ನಲ್ಲಿ ಬಣ್ಣ ಬಣ್ಣದ ಪೋಸ್ಟರ್ ಕಳಿಸಿದ್ದರು. ಗಾಡಿ ಬಾಡಿಗೆ, ಟಿಕೆಟ್, ಮಧ್ಯಾಹ್ನದ ಊಟ ಎಲ್ಲ ಬರೆದಿದ್ದರು. ಎತ್ತರದ ಮಾತು ಒಂದಕ್ಷರ ಇರಲಿಲ್ಲ. ಕೇಳಿದರೆ "ಅದು ಪಾರ್ಕಿನವರ ರೂಲ್ಸು ಅಕ್ಕಾರ" ಅಂದರು. ರೂಲ್ಸು ಅವರದೇ ಇರಲಿ, ಮಾರಿದವರು ನೀವು ತಾನೇ? ಯಾವ ಆಟಕ್ಕೆ ಎಷ್ಟು ಎತ್ತರ ಅಂತ ಕನ್ನಡದಲ್ಲಿ ಒಂದು ಸಾಲು ಹಾಕಿದ್ದರೆ ಚೌಕಟ್ಟಿನ ಗೆರೆ ನೋಡಿ ಒಂದು ವರ್ಷ ಕಾಯುತ್ತಿದ್ದೆವು. ಯೂನಿಫಾರ್ಮಿಗೆ ಎರಡಿಂಚು ಒಳಗೆ ಮಡಚಿ ಹೊಲಿಯುವವಳಿಗೆ ಮಕ್ಕಳು ಬೆಳೆಯುತ್ತಾರೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಹೋದ ವರ್ಷ ನಮ್ಮ ಕಡೆಯ ಒಂದು ಜಾತ್ರೆಯಲ್ಲಿ ಇದೇ ಹುಡುಗ ಕೊಲಂಬಸ್, ಅಂದರೆ ಹಿಂದೆ ಮುಂದೆ ತೂಗುವ ಹಡಗಿನ ಆಟ, ಹತ್ತಿದ್ದ. ಕೋಲೂ ಇಲ್ಲ, ಗೆರೆಯೂ ಇಲ್ಲ. ದುಡ್ಡು ಕೊಟ್ಟರೆ ಸಾಕು, ತೊಡೆಯ ಮೇಲೆ ಕೂಸನ್ನು ಕೂರಿಸಿಕೊಂಡವರನ್ನೂ ಹತ್ತಿಸುತ್ತಿದ್ದರು. ಅವನ ಸೀಟಿನ ಅಡ್ಡಪಟ್ಟಿಯ ಚಿಲಕ ಹೋಗಿತ್ತು. ಅದಕ್ಕೆ ಬೈಂಡಿಂಗ್ ತಂತಿ ಸುತ್ತಿದ್ದರು, ನಾವು ಕಿತ್ತ ಗುಂಡಿಗೆ ಪಿನ್ನು ಚುಚ್ಚಿಕೊಂಡು ಕೆಲಸಕ್ಕೆ ಹೋಗುತ್ತೇವಲ್ಲ, ಹಾಗೆ. ಪಕ್ಕದ ತೊಟ್ಟಿಲಿನಲ್ಲಿ ಹುಡುಗಿಯರ ದುಪಟ್ಟಾ, ಬಿಚ್ಚಿದ ಕೂದಲು ಗಾಳಿಗೆ ಹಾರುತ್ತಿದ್ದವು. ತೆಗೆದಿಡಿ, ಕಟ್ಟಿಕೊಳ್ಳಿ ಅನ್ನುವವರು ಇರಲಿಲ್ಲ. ಅಂದು ನನಗೂ ಏನೂ ಅನ್ನಿಸಲಿಲ್ಲ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಕೆಳಗೆ ನಿಂತು ಗಿರ್ಮಿಟ್ ತಿನ್ನುತ್ತಾ ಅವನಿಗೆ ಕೈ ಬೀಸಿದೆ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಆಟದ ಯಂತ್ರ ಮುರಿದು ಇಬ್ಬರು ಸತ್ತ ಸುದ್ದಿ ಓದಿದ್ದವಳೇ ನಾನು. ಅದು ದೂರದ ಊರಿನದು ಅಂತ ಮರೆತುಬಿಟ್ಟಿದ್ದೆ.

ಜಾತ್ರೆಯ ಆಟಗಳನ್ನು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಅದನ್ನೇ ನಂಬಿಕೊಂಡು ಊರೂರು ಸುತ್ತುವವರಿದ್ದಾರೆ. ನಮ್ಮ ಮಕ್ಕಳಲ್ಲಿ ಬೆಂಗಳೂರಿನ ಪಾರ್ಕು ನೋಡುವವರು ಎಷ್ಟು ಮಂದಿ? ಜಾಸ್ತಿ ಮಕ್ಕಳಿಗೆ ವರ್ಷಕ್ಕೊಮ್ಮೆ ಬರುವ ಕೊಲಂಬಸ್ಸೇ ರೋಲರ್ ಕೋಸ್ಟರ್. ಜಾಗಕ್ಕೆ ಪರವಾನಗಿ ಕೊಡುವಾಗ ಪ್ರತಿ ಆಟದ ಮುಂದೆ ಎತ್ತರದ ಕೋಲು ಇದೆಯಾ, ಚಿಲಕ ಬೀಳುತ್ತಾ, ದಿನಾ ಖಾಲಿ ಒಂದು ಸುತ್ತು ಓಡಿಸಿ ನೋಡುತ್ತಾರಾ ಅಂತ ಅಧಿಕಾರಿಗಳು ಕೇಳಲಿ. ಯಾವ ಆಟಕ್ಕೆ ಗೆರೆ ಎಷ್ಟರ ಮೇಲೆ ಬರಬೇಕು ಅನ್ನುವುದನ್ನು ಯಂತ್ರ ಮಾಡಿದವರು ಹೇಳಲಿ. ಅಂಗಡಿಯಲ್ಲಿ ಮರದ ಪಟ್ಟಿಗಳಿವೆ, ಕೆಂಪು ಬಣ್ಣವೂ ಇದೆ. ಸಂಖ್ಯೆ ಕೊಟ್ಟರೆ ನಮ್ಮ ಊರಿನ ಜಾತ್ರೆಗೆ ಬೇಕಾದಷ್ಟು ಕೋಲು ನಾನೇ ಅಳೆದು ಗೆರೆ ಎಳೆದು ಕೊಡುತ್ತೇನೆ. ದುಡ್ಡು ಬೇಡ.

– ಹೊಲಿಗೆ ಅಂಗಡಿಯವಳು, ಬೆಟಗೇರಿ, ಗದಗ