ಹತ್ತರ ಪಟ್ಟಿ ಬೇಡ, ಒಬ್ಬರಿಗೊಂದು ಪುಸ್ತಕ

ಚಿ. ಪುಟ್ಟಿಗೆ, ಅಮ್ಮನ ಆಶೀರ್ವಾದಗಳು.

ನಿಮ್ಮ ಭಾನುವಾರದ ಓದುಬಳಗಕ್ಕೆ ಹತ್ತು ಒಳ್ಳೆಯ ಕನ್ನಡ ಪುಸ್ತಕಗಳ ಹೆಸರು ಕಳಿಸು ಅಂದಿದ್ದೀಯ. ಹತ್ತು ಹೆಸರು ಕಳಿಸಿದರೆ ಆರು ಜನವೂ ಅದನ್ನು ಫೋನಿನಲ್ಲಿ ಇಟ್ಟುಕೊಂಡು ಮರೆಯುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಹೇಳು. ಹೇಳುವ ಮುಂಚೆ ಎರಡು ಪ್ರಶ್ನೆ ಕೇಳು: ಕೊನೆಯ ಪುಟದ ತನಕ ಓದಿ ಮುಗಿಸಿದ ಕೊನೆಯ ಪುಸ್ತಕ ಯಾವುದು? ಮನೆಯಲ್ಲಿ ಆಡುವ ಕನ್ನಡ ಯಾವ ಕಡೆಯದು? ಎರಡನೆಯದನ್ನು ತಪ್ಪದೆ ಕೇಳು. ಕತೆ ಚೆನ್ನಾಗಿದ್ದರೂ ಆಡುನುಡಿ ತೊಡರಿ ಪುಸ್ತಕ ಮಡಚಿಟ್ಟವರು ಬೇಕಾದಷ್ಟು ಜನ.

ಶಾಲೆ ಬಿಟ್ಟ ಮೇಲೆ ಕನ್ನಡ ಓದೇ ಇಲ್ಲ ಅನ್ನುವವರಿಗೆ ತೇಜಸ್ವಿಯವರ ‘ಕರ್ವಾಲೊ’ (1980). ಮಾತು ಸಲೀಸು, ನಗು ಧಾರಾಳ. ಜೇನು, ಮಂದಣ್ಣ, ಕಿವಿ ಅನ್ನೋ ನಾಯಿ ಅಂತ ಓದುತ್ತಿರುವಾಗಲೇ ಕತೆ ಹಾರುವ ಓತಿಯ ಹಿಂದೆ ಕಾಡಿಗೆ ನುಗ್ಗಿರುತ್ತದೆ. ದಿನಕ್ಕೆ ಹತ್ತು ಪುಟ ಓದಿದರೂ ಎರಡು ಮೂರು ವಾರದಲ್ಲಿ ಮುಗಿದೀತು. ಆದರೆ ಪತ್ತೇದಾರಿ ಕತೆಯ ಹಾಗೆ ಕೊನೆಗೆ ಎಲ್ಲ ಗಂಟೂ ಬಿಚ್ಚಿಕೊಳ್ಳುತ್ತದೆ ಅಂತ ಕಾದವರು ಪೆಚ್ಚಾಗುತ್ತಾರೆ. ಹುಡುಕಾಟದ ಕತೆ ಅಂತಷ್ಟೇ ಹೇಳು. ಸಿಕ್ಕಿತೋ ಇಲ್ಲವೋ ಬಾಯಿ ಬಿಡಬೇಡ.

ದಪ್ಪ ಕಾದಂಬರಿಗೆ ಹೆದರದವರು ಒಬ್ಬರಿದ್ದಾರೆ ಅಂದೆಯಲ್ಲ, ಅವರಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಇದನ್ನು ಅರ್ಧಕ್ಕೆ ಬಿಡುವವರೆಲ್ಲ ಒಂದೇ ಕಡೆ ಎಡವುತ್ತಾರೆ: ನಾಯಕ ಯಾರು, ನಾಯಕಿ ಯಾರು ಅಂತ ಹುಡುಕುತ್ತಾರೆ. ಇಲ್ಲಿ ಯಾರೂ ಮುಖ್ಯರಲ್ಲ ಅಂತ ಕುವೆಂಪು ಶುರುವಿನಲ್ಲೇ ಹೇಳಿಬಿಟ್ಟಿದ್ದಾರೆ, ಆ ಪುಟವನ್ನು ಹಾರಿಸಿ ಓದುತ್ತಾರೆ. ಇನ್ನೊಂದು ತೊಡಕು ಮನೆಗಳದ್ದು. ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ ಅಂತ ಒಂದು ಹಾಳೆಯಲ್ಲಿ ಬರೆದು, ಯಾರು ಯಾವ ಮನೆಯವರು ಅಂತ ಓದುತ್ತಾ ತುಂಬಿಕೊಳ್ಳಲಿ. ಮೊದಲ ನೂರು ಪುಟ ಆ ಹಾಳೆ ಬೇಕು, ಆಮೇಲೆ ತಾನಾಗಿ ಮೂಲೆ ಸೇರುತ್ತದೆ. ಗುತ್ತಿಯ ನಾಯಿ ಹುಲಿಯನ ವಿಷಯ ಮಾತ್ರ ಯಾರ ಹತ್ತಿರವೂ ಎತ್ತಬೇಡ.

ದೇವನೂರ ಮಹಾದೇವರ ‘ಕುಸುಮಬಾಲೆ’ ಗಾತ್ರದಲ್ಲಿ ಸಣ್ಣದು. ಸಣ್ಣದು ಅಂತಲೇ ಹೊಸಬರಿಗೆ ಕೊಟ್ಟು ಕೆಡಿಸುತ್ತಾರೆ. ನಂಜನಗೂಡು ಕಡೆಯ ಮಾತು ಕಿವಿಗೆ ಬಿದ್ದ ಹಾಗೆ ಅಚ್ಚಾಗಿದೆ. ಕಣ್ಣಿಗೆ ಅಪರಿಚಿತ, ಕಿವಿಗೆ ಅಲ್ಲ. ಹಾಗಾಗಿ ಗಟ್ಟಿಯಾಗಿ ಓದಬೇಕು. ಬಳಗದಲ್ಲಿ ಮೈಸೂರು, ಚಾಮರಾಜನಗರ ಕಡೆಯವರು ಇದ್ದರೆ ಮೊದಲ ಕೆಲವು ಪುಟ ಅವರೇ ಓದಲಿ, ಉಳಿದವರು ಪುಸ್ತಕ ಮುಚ್ಚಿಟ್ಟು ಕೇಳಲಿ. ದೀಪಗಳು ಕೂತು ಹರಟುವ ಕಡೆ ‘ಇದೇನು ಅರ್ಥ’ ಅಂತ ನಿಲ್ಲಿಸದೆ ಮುಂದೆ ಹೋಗಬೇಕು. ಇದನ್ನು ಮನೆಗೆ ಕೊಟ್ಟು ಕಳಿಸಬೇಡ, ಕೂಡಿ ಓದುವ ಪುಸ್ತಕ.

ಪುರುಸೊತ್ತಿಲ್ಲದವರಿಗೆ ಸಣ್ಣಕತೆ. ಇಲ್ಲಿ ಸಂಕಲನದ ಹೆಸರು ಸಾಲದು, ಮೊದಲು ಓದಬೇಕಾದ ಕತೆಯ ಹೆಸರನ್ನೂ ಹೇಳಬೇಕು; ಮೊದಲ ಕತೆ ಹಿಡಿಸದಿದ್ದರೆ ಪುಸ್ತಕ ಅಲ್ಲಿಗೇ ಮುಚ್ಚುತ್ತದೆ. ವೈದೇಹಿಯವರದಾದರೆ ‘ಅಕ್ಕು’. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ‘ಹಾರ್ಟ್ ಲ್ಯಾಂಪ್’ ಕನ್ನಡದಲ್ಲಿ ಸಿಗುತ್ತಾ ಅಂತ ಕೇಳುವವರು ಬಹಳ. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಅದರ 12 ಕತೆಗಳು ಬಾನು ಅವರ ಬೇರೆ ಬೇರೆ ಸಂಕಲನಗಳಿಂದ ಆಯ್ದವು. ಆದ್ದರಿಂದ ಅಂಗಡಿಯಲ್ಲಿ ಪುಸ್ತಕದ ಹೆಸರು ನೋಡಿ ದುಡ್ಡು ಕೊಡದೆ, ಪರಿವಿಡಿ ತೆಗೆದು ಬೇಕಾದ ಕತೆ ಇದೆಯೇ ನೋಡಿಕೊಳ್ಳಲಿ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಚರ್ಚೆಗೆ ಎತ್ತಿಡು. ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ, ಕೊನೆಯ ಬಗ್ಗೆ ಆರು ಜನ ಆರು ಮಾತಾಡುತ್ತಾರೆ.

ಪುಸ್ತಕದ ಜೊತೆ ಒಂದು ಚೀಟಿ ಇಡು, ಐದು ಸಾಲು ಸಾಕು: ಯಾವ ಕಡೆಯ ಕನ್ನಡ, ಎಷ್ಟು ದಿನದ ಓದು, ಎಲ್ಲಿ ಕಷ್ಟವಾಗುತ್ತದೆ, ಅಲ್ಲಿ ಏನು ಮಾಡಬೇಕು, ನಿನಗೆ ಹಿಡಿಸದ್ದೇನು. ಕೊನೆಯದನ್ನು ಬಿಡಬೇಡ, ಅದನ್ನು ನೋಡಿಯೇ ಉಳಿದ ನಾಲ್ಕನ್ನು ನಂಬುತ್ತಾರೆ. ‘ಅದ್ಭುತ’, ‘ಓದಲೇಬೇಕು’ ಬರೆದರೆ ಚೀಟಿ ದಂಡ. ಪುಟದ ಸಂಖ್ಯೆ ಬರೆಯಬೇಡ. ಮರುಮುದ್ರಣದಲ್ಲಿ ಅಕ್ಷರ ಹೊಸದಾಗಿ ಜೋಡಿಸಿದ್ದರೆ ಪುಟಗಳು ಹಿಂದೆಮುಂದೆ ಆಗಿರುತ್ತವೆ. ಅಧ್ಯಾಯ ಹೇಳು. ಪ್ರತಿ ಸಿಗುತ್ತದೆಯೇ ಅಂತ ಅಂಗಡಿಗೋ ಗ್ರಂಥಾಲಯಕ್ಕೋ ಕೇಳಿಕೊಂಡೇ ಹೆಸರು ಎತ್ತು. ನಿನ್ನ ಪ್ರತಿಯನ್ನೇ ಕೊಡುವುದಾದರೆ ತಾರೀಖು ಹಾಕಿ ಬರೆದಿಡು; ಮೂರು ವಾರವಾದರೂ ಶುರು ಮಾಡಿಲ್ಲ ಅಂದರೆ ಬೇಜಾರಿಲ್ಲದೆ ವಾಪಸ್ ಇಸ್ಕೊಂಡು ಬೇರೆ ಕೊಡು.

ಇಲ್ಲಿ ‘ಕುಸುಮಬಾಲೆ’ಯ ಎರಡು ಪ್ರತಿ ಇವೆ, ಒಂದನ್ನು ಕೊರಿಯರ್ ಮಾಡುತ್ತೇನೆ. ಗಟ್ಟಿಯಾಗಿ ಓದುವವರು ಯಾರು ಅಂತ ಅಷ್ಟರೊಳಗೆ ಗೊತ್ತುಮಾಡಿಕೋ.

ಇಂತಿ,
ಅಮ್ಮ