ಹೆಬ್ಬೆಟ್ಟಿನವನ ಸಹಿ

ಚಿ. ಸುಮಾಳಿಗೆ ಅಪ್ಪನ ಆಶೀರ್ವಾದಗಳು.

ಭಾನುವಾರ ರಾತ್ರಿ ಫೋನಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ನಾನು ಆಡಿದ್ದು ನಿನಗೆ ನೆನಪಿದೆ, ನೀನು ಆಡಿದ್ದು ನನಗೆ ನೆನಪಿದೆ. ಟ್ರ್ಯಾಮಿನಲ್ಲಿ ಆ ಯಹೂದಿ ಅಜ್ಜನ ಟೋಪಿ ಕಿತ್ತೆಸೆದವನ ವಿಚಾರವೂ ಹೊಸದಾಗಿ ಹೇಳಬೇಕಾದದ್ದಲ್ಲ. ಮಂಗಳವಾರ ನೀನು ಮ್ಯೂನಿಕ್ಕಿನ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಅಂಚೆ ಅಷ್ಟರೊಳಗೆ ತಲುಪದು. ಬರೆದು ಮುಗಿಸಿ ಫೋಟೊ ತೆಗೆದು ಕಳುಹಿಸುತ್ತೇನೆ.

"ಆ ಉಸಾಬರಿ ನಿನಗೇಕೆ" ಎಂದೆನಲ್ಲ, ಆ ಮಾತಿನ ಬಗ್ಗೆಯೇ ಈ ಕಾಗದ. "31 ವರ್ಷ ಕೋರ್ಟಿನಲ್ಲಿ ದುಡಿದವರು ಹೇಳುವ ಮಾತೇ ಅಪ್ಪಾ ಇದು?" ಎಂದು ನೀನು ಕೇಳಿದೆ. ನನ್ನ ಬಾಯಿ ಕಟ್ಟಿತು. ಸಿಟ್ಟಿನಿಂದ ಸುಮ್ಮನಾದೆ ಎಂದುಕೊಂಡಿರುತ್ತೀಯ. ಸಿಟ್ಟಲ್ಲ ಮಗಳೇ.

ಕಳೆದ ವರ್ಷ ನೀನು ನಮ್ಮಿಬ್ಬರನ್ನು ಡಾಖಾವ್‌ಗೆ, ಹಿಟ್ಲರನ ನಾಜಿಗಳು ಜನರನ್ನು ಕೂಡಿಹಾಕಿದ್ದ ಆ ಬಂದಿ ಶಿಬಿರಕ್ಕೆ, ಕರೆದೊಯ್ದಿದ್ದೆ. ರೈಲಿನಲ್ಲಿ ಅರ್ಧ ಗಂಟೆಯೂ ಆಗಲಿಲ್ಲ. ನಮ್ಮ ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಹೋದಷ್ಟೇ. ಅಮ್ಮ ಸುಡುಗೂಡಿನ ಬಳಿ ನೂರ್ ಇನಾಯತ್ ಖಾನಳ ಹೆಸರಿರುವ ಫಲಕದ ಮುಂದೆ ನಿಂತುಬಿಟ್ಟಳು. ನಮ್ಮ ಟಿಪ್ಪುವಿನ ವಂಶದವಳು, ಯುದ್ಧದಲ್ಲಿ ಬ್ರಿಟಿಷರ ಗೂಢಚಾರಿಣಿಯಾಗಿದ್ದವಳೆಂದು ನೀನು ಹೇಳಿದಾಗ, "ಎಷ್ಟು ವಯಸ್ಸು ಆ ಮಗುವಿಗೆ?" ಎಂದು ಕೇಳಿದಳು. 1944ರ ಸೆಪ್ಟೆಂಬರಿನಲ್ಲಿ ಗುಂಡಿಕ್ಕಿ ಕೊಂದಾಗ 30 ವರ್ಷ ಎಂದೆ ನೀನು. ಆ ದಿನ ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ವಸ್ತು ಸಂಗ್ರಹಾಲಯದಲ್ಲಿ ನೀನು "ರಕ್ಷಣಾ ಬಂಧನ" ಎಂಬ ಪದವನ್ನು ಕನ್ನಡ ಮಾಡಿ ಹೇಳಿದೆ. 1933ರ ಫೆಬ್ರವರಿ 27ರಂದು ಜರ್ಮನಿಯ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಹೊರಟ ಸುಗ್ರೀವಾಜ್ಞೆಯಲ್ಲಿ ಪ್ರಜೆಗಳ ಮುಖ್ಯ ಹಕ್ಕುಗಳು ಅಮಾನತಾದವು. ಕಮ್ಯುನಿಸ್ಟರು, ಸೋಷಿಯಲ್ ಡೆಮಾಕ್ರಟರು, ಕಾರ್ಮಿಕ ಸಂಘದವರು ಒಬ್ಬೊಬ್ಬರಾಗಿ ಒಳಗೆ ಹೋದರು. ದೋಷಾರೋಪ ಪಟ್ಟಿ ಇಲ್ಲ, ವಾಯಿದೆ ಇಲ್ಲ, ಜಾಮೀನಿಲ್ಲ, ಬಿಡುಗಡೆಯ ತಾರೀಖೂ ಇಲ್ಲ. ಗುಟ್ಟಾಗಿಯೂ ನಡೆಯಲಿಲ್ಲ. ಮ್ಯೂನಿಕ್ಕಿನ ಪೊಲೀಸ್ ಮುಖ್ಯಸ್ಥನಾಗಿದ್ದ ನಾಜಿ ನಾಯಕ ಹಿಮ್ಲರ್, ಐದು ಸಾವಿರ ಜನ ಹಿಡಿಸುವ ಶಿಬಿರ ತೆರೆಯುತ್ತೇವೆಂದು ಪತ್ರಕರ್ತರನ್ನು ಕರೆದೇ ಹೇಳಿದ. ಮಾರ್ಚ್ 22ಕ್ಕೆ ಹಳೆಯ ಮದ್ದುಗುಂಡಿನ ಕಾರ್ಖಾನೆಗೆ ಮೊದಲ ಕೈದಿಗಳು ಬಂದರು. ಆ ಊರಿನವರೆಲ್ಲ ಪತ್ರಿಕೆಯಲ್ಲಿ ಓದಿಯೇ ಕಾಫಿ ಕುಡಿದಿರಬೇಕು.

ಊರಿಗೆ ಬಂದ ಮೇಲೆ ಓದುತ್ತಾ ಹೋದೆ. ಅಲ್ಲಿ ಹಾರ್ಟಿಂಗರ್ ಸಿಕ್ಕ.

ಯೋಸೆಫ್ ಹಾರ್ಟಿಂಗರ್ ದೊಡ್ಡ ಮನುಷ್ಯನಲ್ಲ. ಡಾಖಾವ್ ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತಿತ್ತೋ ಅಲ್ಲಿ ಉಪ ಸರ್ಕಾರಿ ಅಭಿಯೋಜಕ. ನಾಜಿ ಪಕ್ಷದ ಎಸ್‌ಎಸ್ ಪಡೆ ಶಿಬಿರವನ್ನು ವಹಿಸಿಕೊಂಡದ್ದು ಏಪ್ರಿಲ್ 11ರಂದು. ಮರುದಿನವೇ ನಾಲ್ವರು ಕೈದಿಗಳನ್ನು ಹೊರಗೆ ಮರಗಳ ನಡುವೆ ಕರೆದೊಯ್ದು ಗುಂಡಿಕ್ಕಿದರು. ಓಡಿಹೋಗುತ್ತಿದ್ದರು ಎಂದು ವರದಿ. ಹಾರ್ಟಿಂಗರ್ ಶವಪರೀಕ್ಷೆ ಮಾಡುವ ವೈದ್ಯ ಮೊರಿಟ್ಸ್ ಫ್ಲಾಮ್‌ನನ್ನು ಜೊತೆಗೆ ಕರೆದುಕೊಂಡು ಸ್ಥಳಕ್ಕೆ ಹೋದ. ಮೂವರ ಶವಗಳು ಅಲ್ಲಿದ್ದವು. ನಾಲ್ಕನೆಯವನು ಆಸ್ಪತ್ರೆಯಲ್ಲಿ ಕೆಲವು ದಿನ ಜೀವ ಹಿಡಿದು ತೀರಿಕೊಂಡ. ನಾಲ್ವರೂ ಯಹೂದಿಗಳು. ಅಷ್ಟೊಂದು ಕೈದಿಗಳಲ್ಲಿ ಓಡಿದವರು ಯಹೂದಿಗಳು ಮಾತ್ರವೇ ಎಂಬ ಪ್ರಶ್ನೆ ಅವನಿಗೆ ಹತ್ತಿಕೊಂಡಿತು. ಅವರಲ್ಲಿ ಆರ್ಥರ್ ಕಾನ್ ವೈದ್ಯಕೀಯ ಓದುತ್ತಿದ್ದ ಹುಡುಗ, 21 ವರ್ಷ. ನಿನಗಿಂತ ಚಿಕ್ಕವನು.

ಮೇ ತಿಂಗಳಲ್ಲಿ ಇನ್ನಷ್ಟು ಸಾವುಗಳಾದವು. ಲೂಯಿ ಶ್ಲಾಸ್ ಎಂಬ ವ್ಯಾಪಾರಿ ನೇಣು ಹಾಕಿಕೊಂಡ ಎಂದರು. ಫ್ಲಾಮ್ ಮೈಮೇಲಿನ ಹೊಡೆತದ ಗುರುತುಗಳನ್ನು ಕಂಡು ಬರೆದ. ಆಲ್ಫ್ರೆಡ್ ಸ್ಟ್ರಾಸ್ ಎಂಬ ವಕೀಲ ಓಡುವಾಗ ಸತ್ತ ಎಂದರು. ಒಂದು ಪಾದಕ್ಕೆ ಮಾತ್ರ ಕಾಲುಚೀಲವಿತ್ತು ಎಂದು ದಾಖಲೆಯಾಯಿತು. ಚಪ್ಪಲಿ ಮೆಟ್ಟಿಕೊಂಡು ಒಂದೇ ಕಾಲುಚೀಲದಲ್ಲಿ ಯಾರು ತಪ್ಪಿಸಿಕೊಂಡು ಓಡುತ್ತಾರೆ?

ಆ ಕಾಲುಚೀಲದ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದು ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ.

1991ರಲ್ಲಿ ನಾನು ನಕಲು ವಿಭಾಗದಲ್ಲಿದ್ದೆ. ಠಾಣೆಯೊಂದರಲ್ಲಿ ತೀರಿಕೊಂಡ ಗಾರೆ ಕೆಲಸದವನ ಕಡತ ಬಂತು. ಲುಂಗಿಯಿಂದ ಕಿಟಕಿಯ ಸರಳಿಗೆ ನೇಣು ಹಾಕಿಕೊಂಡ ಎಂದು ಶವ ಮಹಜರು. ಕೆಳಗೆ ಪಂಚರ ಸಹಿಗಳು. ಎರಡನೆಯ ಪಂಚ ನನಗೆ ಗೊತ್ತಿದ್ದವನು, ಕೋರ್ಟಿನ ಗೇಟಿನಲ್ಲಿ ಎಳನೀರು ಮಾರುತ್ತಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಎಷ್ಟೋ ಮಹಜರುಗಳಲ್ಲಿ ಅವನ ಹೆಬ್ಬೆಟ್ಟನ್ನು ನೋಡಿದ್ದೆ. ಈ ಮಹಜರಿನಲ್ಲಿ ಅವನ ಹೆಸರಿನ ಸಹಿ ಇತ್ತು. ದುಂಡಗಿನ ಅಕ್ಷರ, ಕೆಳಗೊಂದು ಗೆರೆ.

ಹಿರಿಯರೊಬ್ಬರಿಗೆ ತೋರಿಸಿದೆ. "ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡುವುದು ನಿನ್ನ ಕೆಲಸ. ಆ ಉಸಾಬರಿ ನಿನಗೇಕೆ?" ಎಂದರು. ನನಗೆ ಕೆಲಸ ಖಾಯಂ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ನಕಲು ಮಾಡಿದೆ. ಆ ಸಹಿಯನ್ನೂ ದುಂಡಗೆ ಬರೆದೆ, ಕೆಳಗೆ ಗೆರೆಯನ್ನೂ ಎಳೆದೆ. ವಾರದ ಮೇಲೆ ಅವನ ಹೆಂಡತಿ ಕಂಕುಳಲ್ಲಿ ಮಗು ಎತ್ತಿಕೊಂಡು ನಕಲು ಪಡೆಯಲು ಬಂದಳು. "ಏನು ಬರೆದಿದೆ, ಓದಿ ಹೇಳಿ ಸ್ವಾಮಿ" ಎಂದಳು. ಓದಿ ಹೇಳಿದೆ. ಎಲ್ಲವನ್ನೂ ಓದಿದೆ, ಪಂಚರ ಹೆಸರನ್ನೂ ಓದಿದೆ. ಅದು ಅವನ ಸಹಿ ಇರಲಾರದು ಎಂಬ ಒಂದು ಮಾತನ್ನು ಬಿಟ್ಟು. ಅವಳು ಕಾಗದವನ್ನು ನಾಲ್ಕಾಗಿ ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಎಳನೀರಿನವನು ಆ ಮೇಲೆಯೂ ಅದೇ ಗೇಟಿನಲ್ಲಿ ಎಷ್ಟೋ ವರ್ಷ ಇದ್ದ. ಒಮ್ಮೆಯೂ ನಾನು ಅವನನ್ನು ಕೇಳಲಿಲ್ಲ. ಬೇಸಿಗೆಯಲ್ಲಿ ಆಚೆ ಬದಿಯ ಅಂಗಡಿಗೆ ಹೋಗಿ ಸೋಡಾ ಕುಡಿಯುತ್ತಿದ್ದೆ.

ಆ ಸಹಿ ಬೇರೆ ಏನೂ ಆಗಿದ್ದಿರಬಹುದು. ಅವನು ಸಹಿ ಹಾಕುವುದನ್ನು ಕಲಿತಿದ್ದಿರಬಹುದು. ಹೀಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ಕೇಳಿ ತಿಳಿಯಬಹುದಾಗಿತ್ತು. ಹಾರ್ಟಿಂಗರ್ ಕೇಳಿದ. ಅವನಿಗೂ ಮೇಲಧಿಕಾರಿ ಇದ್ದ, ಸಂಬಳವಿತ್ತು, ಎದುರಿಗೆ ಇದ್ದವರು ಕೊಲೆಗಡುಕರು. ಆದರೂ ಜೂನ್ 1ರೊಳಗೆ ಶಿಬಿರದ ಕಮಾಂಡೆಂಟ್ ವೇಕರ್ಲೆಯ ಮೇಲೆಯೇ ಆರೋಪಪತ್ರ ಸಿದ್ಧಪಡಿಸಿದ.

ಅದರಿಂದ ಏನಾಯಿತು ಎಂದು ನೀನು ಕೇಳಬಹುದು. ಕಡತ ಮೇಲಕ್ಕೆ ಹೋಯಿತು, ಅಲ್ಲಿಯೇ ಹೂತುಹೋಯಿತು. ವೇಕರ್ಲೆಯನ್ನು ತೆಗೆದು ಐಕೆ ಎಂಬುವನನ್ನು ಹಾಕಿದರು. ಅವನು ಬರೆದ ನಿಯಮಾವಳಿಯೇ ಮುಂದಿನ ಶಿಬಿರಗಳಿಗೆಲ್ಲ ಮಾದರಿಯಾಯಿತು. ಫ್ಲಾಮ್ ಮರುವರ್ಷವೇ ಸತ್ತ. ಹಾರ್ಟಿಂಗರ್‌ಗೆ ದೂರದ ಆಂಬರ್ಗ್‌ಗೆ ವರ್ಗವಾಯಿತು. 1938ರ ನವೆಂಬರಿನಲ್ಲಿ ಸುಮಾರು 11,000 ಯಹೂದಿ ಗಂಡಸರನ್ನು ಅದೇ ಡಾಖಾವ್‌ಗೆ ತುಂಬಿದರು. 12 ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಬಂದಿಗಳಾದರು, 41,500 ಮಂದಿ ಸತ್ತರು. ಅವನ ಕಾಗದ ಇದನ್ನು ತಡೆಯಲಿಲ್ಲ. ಯುದ್ಧ ಮುಗಿದ ಮೇಲೆ ಆ ಕಾಗದಗಳು ಸಿಕ್ಕವು, ನ್ಯೂರೆಂಬರ್ಗಿನಲ್ಲಿ ನಡೆದ ನಾಜಿ ನಾಯಕರ ವಿಚಾರಣೆಯಲ್ಲಿ ಸಾಕ್ಷ್ಯವಾದವು. ಆ ಕಾಲುಚೀಲವನ್ನು ಅಂದು ಯಾರೋ ಬರೆದಿಟ್ಟಿದ್ದರಿಂದ ಇಂದು ನನಗೆ ಅದು ಗೊತ್ತು.

ಟ್ರ್ಯಾಮಿನಲ್ಲಿ ಟೋಪಿ ಕಿತ್ತದ್ದು ಡಾಖಾವ್ ಅಲ್ಲ, ಅದು ನನಗೂ ಗೊತ್ತು. ಆದರೂ ಆ ಬೋಗಿಯಲ್ಲಿ ಎದ್ದು ನಿಂತವಳು ನನ್ನ ಮಗಳು. ಇದನ್ನು ಭಾನುವಾರ ಹೇಳಬೇಕಿತ್ತು. ಹೆದರಿಕೆ ಮೊದಲು ಬಾಯಿಗೆ ಬಂತು. ಅವನ ಸ್ನೇಹಿತರು ನಿನ್ನನ್ನು ಗುರುತು ಹಿಡಿದರೆ? ವೀಸಾಕ್ಕೆ ತೊಂದರೆಯಾದರೆ? ಈ ಹೆದರಿಕೆ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ತಪ್ಪಾಯಿತು ಮಗಳೇ.

ಇನ್ನು ಕೆಲಸದ ಮಾತು. ಕಂಡದ್ದನ್ನು ಮಾತ್ರ ಹೇಳು, ಊಹಿಸಿದ್ದನ್ನು ಹೇಳಬೇಡ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನು. ಪಾಟೀಸವಾಲಿನಲ್ಲಿ ವಕೀಲರು ಕೆಣಕುತ್ತಾರೆ, ಸಿಟ್ಟಾಗಬೇಡ. ಪ್ರಶ್ನೆ ಮುಗಿಯುವ ತನಕ ಕಾಯುವುದನ್ನು ನೀನು ಚಿಕ್ಕಂದಿನಿಂದಲೂ ಕಲಿತಿಲ್ಲ. ನಿನ್ನ ಜರ್ಮನ್ ಚೆನ್ನಾಗಿದ್ದರೂ ಒಂದು ಪದ ಸಂದೇಹ ಬಂದರೆ ದುಭಾಷಿಯನ್ನು ಕೇಳು. ಹೇಳಿಕೆ ಬರೆದುಕೊಂಡು ಸಹಿ ಹಾಕು ಎಂದರೆ ಪೂರ್ತಿ ಓದಿದ ಮೇಲೆಯೇ ಹಾಕು. ಅಂದು ಒಬ್ಬಳೇ ಮನೆಗೆ ಹೋಗಬೇಡ, ಗೆಳತಿಯರನ್ನು ಕರೆದುಕೋ. ಸ್ವೆಟರ್ ಮರೆಯಬೇಡ.

ಕೋರ್ಟಿನಿಂದ ಹೊರಬಂದ ಕೂಡಲೇ ಫೋನ್ ಮಾಡು, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಸರಿ. ಆ ಸಹಿಯ ವಿಷಯ ನಿನ್ನ ಅಮ್ಮನಿಗೂ ಈವರೆಗೆ ಹೇಳಿಲ್ಲ. ಈ ಕಾಗದವನ್ನು ಮೊದಲು ಅವಳ ಕೈಗೆ ಕೊಟ್ಟು, ಅವಳು ಓದಿದ ಮೇಲೆ ಫೋಟೊ ತೆಗೆಯುತ್ತೇನೆ.

ನಿನ್ನ ಅಪ್ಪ