ಶೀನನಿಗೆ, ಬೋರ್ಡಿನ ಮೇಲೆ ಬರೆದ ಹೆಸರಿನ ಬಗ್ಗೆ

ಶೀನಾ,

ಹೇಗಿದ್ದೀಯ ಮಾರಾಯ? ಕೊಯ್ಲು ಶುರುವಾಯ್ತಾ? ಈ ಸಲ ಕೊಳೆರೋಗ ಜಾಸ್ತಿ ಅಂತ ಅಣ್ಣ ಹೇಳಿದ. ನಿನ್ನ ಅಮ್ಮನ ಮಂಡಿನೋವು ಹೇಗಿದೆ? ಮೊನ್ನೆ ನೀನು ಕಳಿಸಿದ ಫೋಟೋದಲ್ಲಿ ನಮ್ಮ ಹರಟೆಯ ಜಾಗ ‘ಪಾರ್ಲಿಮೆಂಟು’ ಇನ್ನೂ ಗಟ್ಟಿಯಾಗಿ ನಿಂತಿರೋದು ನೋಡಿ ಖುಷಿಯಾಯಿತು. ಅಧ್ಯಕ್ಷರ ಕುರ್ಚಿ ಮಾತ್ರ ಕಾಣಲಿಲ್ಲ. ಮಳೆಗೆ ಹೋಯ್ತೇನೋ.

ಹೋದ ತಿಂಗಳು ನಾವು ಮೂವರೂ ಫೀನಿಕ್ಸ್‌ನಿಂದ ಕಾರಿನಲ್ಲಿ ಕ್ಯಾನಿಯನ್ ಡಿ ಶೇ ಅನ್ನುವ ಕಣಿವೆಗೆ ಹೋಗಿದ್ದೆವು. ಅಮೆರಿಕದ ಅರಿಜೋನ ರಾಜ್ಯದ ಈಶಾನ್ಯ ಮೂಲೆ. ಅದು ನವಾಹೊ ಎಂಬ ಮೂಲನಿವಾಸಿ ಜನರ ನಾಡು. ಅರಿಜೋನ, ನ್ಯೂ ಮೆಕ್ಸಿಕೊ, ಯೂಟಾ ಮೂರೂ ರಾಜ್ಯಗಳಲ್ಲಿ ಚಾಚಿಕೊಂಡಿದೆ. ಎಷ್ಟು ದೊಡ್ಡದು ಅಂದರೆ ಅದರೊಳಗೆ ಎಂಟು ಶಿವಮೊಗ್ಗ ಜಿಲ್ಲೆ ಹಿಡಿಸುತ್ತವೆ. ಅವರು ತಮ್ಮನ್ನು ಡಿನೇ ಎಂದು ಕರೆದುಕೊಳ್ಳುತ್ತಾರೆ. ಹಾಗಂದರೆ ‘ಜನ’ ಎಂದೇ ಅರ್ಥ.

ಕಣಿವೆಯ ತಳಕ್ಕೆ ಹೋಗಬೇಕಾದರೆ ಅವರದೇ ಗೈಡ್ ಬೇಕು. ನಮಗೆ ಸಿಕ್ಕಿದ್ದು ನಿನ್ನ ಅಮ್ಮನ ವಯಸ್ಸಿನ ಒಬ್ಬ ಹೆಂಗಸು. ಜೀಪು ಹತ್ತುವ ಮೊದಲು ಅವರು ತಮ್ಮ ಭಾಷೆಯಲ್ಲಿ ನಾಲ್ಕು ಕುಲದ ಹೆಸರು ಹೇಳಿದರು. ಮೊದಲು ತಾಯಿಯ ಕುಲ, ಆಮೇಲೆ ತಂದೆಯದು. ನಂತರ ತಾಯಿಯ ಅಪ್ಪನದು, ತಂದೆಯ ಅಪ್ಪನದು. ಅಲ್ಲಿ ಪರಿಚಯ ಮಾಡಿಕೊಳ್ಳುವ ಕ್ರಮವೇ ಅದು. ಮಗುವಿಗೆ ಬರುವುದು ತಾಯಿಯ ಕುಲ, ತುಳುನಾಡಿನಲ್ಲಿ ತಾಯಿಯಿಂದ ಬರುವ ‘ಬಳಿ’ಯ ಹಾಗೆ. ಕುಲ ಕೇಳಿದ ತಕ್ಷಣ ಎದುರಿನವರು ನಿಮಗೆ ಅಕ್ಕನೋ ಅತ್ತೆಯೋ ಮೊಮ್ಮಗನೋ ಅಂತ ಲೆಕ್ಕ ಹಾಕುತ್ತಾರೆ. ನಮ್ಮ ಕಡೆ ಮದುವೆ ಮನೆಯಲ್ಲಿ ಅಜ್ಜಿಯರು “ನೀ ಯಾರ ಪೈಕಿನೋ?” ಅಂತ ಕೇಳುವುದಿಲ್ವಾ, ಹಾಗೆ.

“ನೀವು?” ಅಂದರು. ನಾನು ನನ್ನ ಹೆಸರು ಹೇಳಿ, ಜೊತೆಗೆ ಕಂಪನಿಯ ಹೆಸರು ಹೇಳಿದೆ. ಅವರು ಇನ್ನೂ ಏನೋ ಬರುತ್ತೆ ಅನ್ನುವ ಹಾಗೆ ಸ್ವಲ್ಪ ಹೊತ್ತು ಕಾದರು.

ಮಗಳು ಕಯೋಟಿ ನರಿಯ ಕಥೆ ಹೇಳಿ ಅಂತ ಹಟ ಮಾಡಿದಳು. ಅವರು ನಕ್ಕು ತಲೆ ಅಲ್ಲಾಡಿಸಿದರು. ಆ ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕಂತೆ. ಬೆರಳಿಗೆ ದಾರ ಸುತ್ತಿ ನಕ್ಷತ್ರ ಮಾಡುವ ಆಟವೂ ಅಷ್ಟೇ, ಜೇಡಗಳು ಮಲಗಿದ ಮೇಲೆಯೇ ಆಡಬೇಕು. ಕಥೆಗೂ ಒಂದು ಕಾಲ ಅಂತ ಇದೆ ಶೀನಾ! ಇಂಥದ್ದನ್ನು ಶಾಲೆಯ ಟೈಮ್‌ಟೇಬಲ್ಲಿನಲ್ಲಿ ಎಲ್ಲಿ ಇಡೋದು?

ಮನೆಗೆ ಬಂದ ಮೇಲೆ ಅವರ ಶಾಲೆಗಳ ಬಗ್ಗೆ ಓದುತ್ತಾ ಕೂತೆ. ಕೂತಿದ್ದೇ ತಪ್ಪಾಯ್ತು. ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.

1864ರಲ್ಲಿ ಅಮೆರಿಕದ ಸೈನ್ಯ ಇವರನ್ನು ಹಿಡಿದು, ನಾನೂರು ಕಿಲೋಮೀಟರಿಗಿಂತ ಹೆಚ್ಚು ನಡೆಸಿಕೊಂಡು ಹೋಗಿ ಒಂದು ಬಯಲಿನಲ್ಲಿ ಕೂಡಿಹಾಕಿತು. ದಾರಿಯಲ್ಲಿ ಸತ್ತವರು ಸತ್ತರು. ನಾಲ್ಕು ವರ್ಷದ ನಂತರ, 1868ರಲ್ಲಿ, ಊರಿಗೆ ಮರಳಲು ಒಪ್ಪಂದವಾಯಿತು. ಅದರಲ್ಲೇ ಒಂದು ಷರತ್ತು. 6ರಿಂದ 16 ವರ್ಷದ ಮಕ್ಕಳನ್ನೆಲ್ಲ ಶಾಲೆಗೆ ಕಳಿಸಬೇಕು. 30 ಮಕ್ಕಳಿಗೆ ಒಬ್ಬ ಇಂಗ್ಲಿಷ್ ಮೇಷ್ಟ್ರನ್ನು ಸರ್ಕಾರ ಕೊಡುತ್ತದೆ. ಮನೆಗೆ ಹೋಗಬೇಕಾದರೆ ಮಕ್ಕಳನ್ನು ಒಪ್ಪಿಸಿ, ಅಂದ ಹಾಗಲ್ವಾ ಇದು?

ಆಮೇಲೆ ಬಂದದ್ದು ವಸತಿ ಶಾಲೆಗಳು. ಕೂದಲು ಕತ್ತರಿಸಿದರು. ಹೆಸರು ಬದಲಾಯಿಸಿದರು. ಮನೆಮಾತು ಆಡಿದರೆ ಬಾಯಿಗೆ ಸೋಪು ಹಾಕಿ ತೊಳೆದರು. ಚೆಸ್ಟರ್ ನೆಜ್ ಎಂಬ ಹಿರಿಯರು ತಮ್ಮ ಬಾಯನ್ನು ಹಾಗೆ ತೊಳೆದದ್ದನ್ನು ಮುದಿವಯಸ್ಸಿನಲ್ಲೂ ನೆನೆಯುತ್ತಿದ್ದರು. ಅದೇ ನೆಜ್‌ರನ್ನು ಸೇರಿಸಿ 29 ನವಾಹೊ ಹುಡುಗರನ್ನು 1942ರಲ್ಲಿ ಸೈನ್ಯ ಕರೆಯಿತು. ಯಾಕೆ ಗೊತ್ತಾ? ಅವರ ಭಾಷೆಯಲ್ಲಿ ಗುಪ್ತ ಸಂದೇಶ ಕಳಿಸಲು. ಟ್ಯಾಂಕಿಗೆ ಆಮೆ ಎಂದರು. ಗ್ರೆನೇಡಿಗೆ ಆಲೂಗಡ್ಡೆ. ಸಬ್‌ಮರೀನಿಗೆ ಕಬ್ಬಿಣದ ಮೀನು. ಜಪಾನಿನವರಿಗೆ ಅದನ್ನು ಕೊನೆಯವರೆಗೂ ಬಿಡಿಸಲಾಗಲಿಲ್ಲ. 1968ರವರೆಗೆ ಅದು ಸರ್ಕಾರಿ ಗುಟ್ಟಾಗಿತ್ತು. ಹಾಗಾಗಿ ಇವರು ತಾವು ಮಾಡಿದ್ದನ್ನು ಹೊರಗೆ ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಆ 29 ಮಂದಿಯಲ್ಲಿ ಕೊನೆಗೆ ಉಳಿದಿದ್ದವರು ನೆಜ್. 2014ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದುವಾಗ ಸಿಟ್ಟು ಬಂತು. ಸಿಟ್ಟು ಬಂದರೆ ಒಂಥರಾ ಹಾಯಾಗಿರುತ್ತದೆ, ತಪ್ಪೆಲ್ಲ ಬೇರೆಯವರದ್ದು ಅಲ್ವಾ. ಆದರೆ ಒಂದು ಸಣ್ಣ ವಿಷಯ ನನ್ನನ್ನು ಹಿಡಿದು ನಿಲ್ಲಿಸಿಬಿಟ್ಟಿತು. ಇಂಥ ಶಾಲೆಗಳಿಗೆಲ್ಲ ಮಾದರಿಯಾಗಿದ್ದು ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆ. 1879ರಲ್ಲಿ ಶುರುವಾದದ್ದು. ಅಲ್ಲಿ ಮಕ್ಕಳನ್ನು ಸೈನ್ಯದ ತುಕಡಿಗಳ ಹಾಗೆ ವಿಂಗಡಿಸಿ, ದೊಡ್ಡ ಹುಡುಗರನ್ನೇ ಚಿಕ್ಕವರ ಮೇಲೆ ಅಧಿಕಾರಿಗಳನ್ನಾಗಿ ಮಾಡುತ್ತಿದ್ದರು.

ಅಧಿಕಾರಿ. ಅಂದರೆ ಮಾನಿಟರ್, ಶೀನಾ.

ಇದನ್ನು ನಿನಗೆ ಫೋನಿನಲ್ಲೇ ಹೇಳಬಹುದಿತ್ತು. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಯಾಕೆಂದರೆ ನಿನ್ನ ಹೆಸರನ್ನೂ ನಾನು ಎಲ್ಲರಿಗೂ ಕಾಣುವ ಹಾಗೆಯೇ ಬರೆದದ್ದು. ಏಳನೇ ಕ್ಲಾಸು. ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ. ಹೆಸರು ಬರೆಯುವ ಸೀಮೆಸುಣ್ಣ ನನ್ನ ಕೈಯಲ್ಲಿ. ನೀನು ಮೆಟ್ಟಿಲಿನಿಂದ ಜಾರಿ ಬಿದ್ದು ಮೊಣಕೈ ಒಡೆದುಕೊಂಡೆ. “ಅಯ್ಯೋ ಅಮ್ಮಾ” ಅಂದೆ. ನಾನು ಹೋಗಿ ಬೋರ್ಡಿನ ಮೇಲೆ ನಿನ್ನ ಹೆಸರು ಬರೆದೆ.

ನಿನ್ನ ಹತ್ತಿರ ರೂಪಾಯಿ ಇರಲಿಲ್ಲ. ಇರುವುದಿಲ್ಲ ಅಂತ ನನಗೆ ಗೊತ್ತಿತ್ತು. ಮಧ್ಯಾಹ್ನದವರೆಗೆ ನೀನು ಹೊರಗೆ ನಿಂತಿದ್ದೆ. ಆ ವರ್ಷ ನಾನೂ ದಿನಾ ಕನ್ನಡ ಮಾತಾಡಿದ್ದೇನೆ. ನನ್ನ ಹೆಸರನ್ನು ಒಂದು ಸಲವೂ ಬರೆದುಕೊಂಡಿಲ್ಲ.

ಒಂದು ರೂಪಾಯಿಯ ದಂಡವನ್ನು ಅವರು ಪಟ್ಟ ಪಾಡಿನ ಪಕ್ಕ ಇಡುವುದಿಲ್ಲ. ನಮ್ಮನ್ನು ಯಾರೂ ಮನೆಯಿಂದ ಕಿತ್ತುಕೊಂಡು ಹೋಗಲಿಲ್ಲ. ಸಂಜೆ ನಾಲ್ಕಕ್ಕೆ ಗಂಟೆ ಹೊಡೆದರೆ ಇಡೀ ಊರೇ ಕನ್ನಡ. ಆದರೂ ಮಕ್ಕಳ ಕೈಯಿಂದಲೇ ಮಕ್ಕಳಿಗೆ ನಾಚಿಕೆ ಹಂಚಿಸುವ ಆ ಉಪಾಯ ಇದೆಯಲ್ಲ, ಅದು ಒಂದೇ.

ಇನ್ನೂ ಒಂದಿದೆ. ಇಷ್ಟು ದೂರ ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ಮಗಳು ಮೂರು ವರ್ಷದವಳಿದ್ದಾಗ ಗಿಳಿ ಹಾಗೆ ಕನ್ನಡ ಮಾತಾಡುತ್ತಿದ್ದಳು. ಡೇಕೇರಿನಲ್ಲಿ ಯಾರಿಗೂ ಅರ್ಥವಾಗುವುದಿಲ್ಲ ಅಂತ ಅಲ್ಲಿನವರು ದೂರಿದರು. ಅವತ್ತು ರಾತ್ರಿಯಿಂದ ಮನೆಯಲ್ಲೂ ಇಂಗ್ಲಿಷ್ ಅಂತ ತೀರ್ಮಾನ ಮಾಡಿದವನು ನಾನೇ. ಹೆಂಡತಿ ಬೇಡ ಅಂದಿದ್ದಳು. ಈಗ ಅಜ್ಜಿ ಫೋನ್ ಮಾಡಿದರೆ ಮಗಳು “ಚೆನ್ನಾಗಿದ್ದೀನಿ” ಅಂದು ಫೋನನ್ನು ನನ್ನ ಕೈಗೆ ಕೊಟ್ಟು ಓಡುತ್ತಾಳೆ. ಅಮ್ಮ ಆ ಕಡೆ ಇನ್ನೂ ಅವಳ ಹತ್ತಿರವೇ ಮಾತಾಡುತ್ತಿರುತ್ತಾಳೆ.

ನವಾಹೊ ಮನೆಗಳಲ್ಲೂ ಇದೇ ಆಯಿತು. ಸೋಪಿನ ರುಚಿ ಕಂಡವರು ನಮ್ಮ ಮಕ್ಕಳಿಗೆ ಇದು ಬೇಡ ಅಂತ ಇಂಗ್ಲಿಷಿನಲ್ಲೇ ಬೆಳೆಸಿದರು. ಅದು ಪ್ರೀತಿಯೇ. ಆದರೆ ಮುಂದೆ ಏನಾಯ್ತು ನೋಡು. ನವಾಹೊ ನಾಡಿಗೆ ಅದರದೇ ಸರ್ಕಾರ, ಅದರದೇ ಅಧ್ಯಕ್ಷರು ಇದ್ದಾರೆ. ಆ ಅಧ್ಯಕ್ಷರಾಗಬೇಕಾದರೆ ನವಾಹೊ ಸರಾಗವಾಗಿ ಬರಬೇಕು ಅಂತ ಕಾನೂನಿತ್ತು. 2014ರಲ್ಲಿ ಕ್ರಿಸ್ ಡೆಶೀನಿ ಎಂಬ ಅಭ್ಯರ್ಥಿಯನ್ನು ಇದೇ ಕಾರಣಕ್ಕೆ ಕಣದಿಂದ ಹೊರಗಿಟ್ಟರು. ಮರುವರ್ಷ ಜನರೇ ಮತ ಹಾಕಿ, ಭಾಷೆ ಎಷ್ಟು ಬರಬೇಕು ಅನ್ನುವುದನ್ನು ಮತದಾರರಿಗೇ ಬಿಟ್ಟರು. ನಾನು ಎರಡೂ ಕಡೆಯ ವಾದ ಓದಿದೆ. ಭಾಷೆ ಬಾರದ ನಾಯಕ ಯಾಕೆ ಅನ್ನುವುದೂ ಸರಿ. ಭಾಷೆಯನ್ನು ಕಸಿದುಕೊಂಡವರ ತಪ್ಪಿಗೆ ಮಕ್ಕಳಿಗೆ ಯಾಕೆ ಶಿಕ್ಷೆ ಅನ್ನುವುದೂ ಸರಿ. ನನ್ನ ಮತ ಎರಡನೆಯದಕ್ಕೆ ಅಂತ ಈಗ ಅನಿಸುತ್ತದೆ. ಆ ಮಕ್ಕಳಲ್ಲಿ ನನ್ನ ಮಗಳು ಕಾಣುತ್ತಾಳೆ.

ಅವರು ಶಾಲೆಯನ್ನು ಬಿಟ್ಟುಕೊಡಲಿಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. 1966ರಲ್ಲಿ ರಫ್ ರಾಕ್ ಎಂಬ ಹಳ್ಳಿಯಲ್ಲಿ ಊರಿನವರೇ ನಡೆಸುವ ಶಾಲೆ ತೆರೆದರು. 1968ರಲ್ಲಿ ಸ್ವಂತ ಕಾಲೇಜು ಕಟ್ಟಿದರು. ಅಮೆರಿಕದ ಮೂಲನಿವಾಸಿ ಜನಾಂಗವೊಂದು ತಾನೇ ಸ್ಥಾಪಿಸಿಕೊಂಡ ಮೊದಲ ಕಾಲೇಜು ಅದು. ಈಗ ಅದರ ಹೆಸರು ಡಿನೇ ಕಾಲೇಜು. 1986ರಲ್ಲಿ ಫೋರ್ಟ್ ಡಿಫಯನ್ಸ್ ಎಂಬಲ್ಲಿ ಪುಟ್ಟ ಮಕ್ಕಳಿಗೆ ಪಾಠವನ್ನೆಲ್ಲ ನವಾಹೊದಲ್ಲೇ ಶುರು ಮಾಡಿದರು. ಆ ಹೊತ್ತಿಗೆ ಅಲ್ಲಿ ಐದು ವರ್ಷದ ಹೆಚ್ಚಿನ ಮಕ್ಕಳಿಗೆ ಭಾಷೆ ಬರುತ್ತಿರಲಿಲ್ಲ. ಆ ಮಕ್ಕಳು ಮುಂದೆ ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ಇದನ್ನು ಮೂರು ಸಲ ಓದಿದೆ. ಆವತ್ತು ಡೇಕೇರಿನಲ್ಲಿ ಹೆದರಿದ್ದು ಇದಕ್ಕೇ ಅಲ್ವಾ ನಾನು?

ಭಾಷೆಯೂ ಎಂಥದ್ದು ಅಂತೀಯ! ನಮಗೆ ಎಲ್ಲಕ್ಕೂ ಒಂದೇ ‘ಕೊಡು’. ಅವರಲ್ಲಿ ಸೇಬು ಕೊಡು ಅನ್ನುವಾಗ ಒಂದು ಕ್ರಿಯಾಪದ, ಪೆನ್ಸಿಲ್ ಕೊಡು ಅನ್ನುವಾಗ ಇನ್ನೊಂದು. ಬಟ್ಟೆಗೆ ಬೇರೆ, ಲೋಟದಲ್ಲಿರುವ ನೀರಿಗೆ ಬೇರೆ, ಕೂಸಿಗೆ ಬೇರೆ. ಕೂಸನ್ನು ಎತ್ತಿಕೊಳ್ಳುವ ಕೈಗೂ ಸೇಬು ಹಿಡಿಯುವ ಕೈಗೂ ವ್ಯತ್ಯಾಸ ಇದೆ ಅಂತ ಆ ಮಾತಿಗೆ ಗೊತ್ತು. ಮಗಳಿಗೆ ಇದನ್ನು ಹೇಳಿದೆ. ಅವಳು “ಕನ್ನಡದಲ್ಲಿ ಇಂಥದ್ದು ಏನಿದೆ?” ಅಂತ ಕೇಳಿದಳು. ಇಂಗ್ಲಿಷಿನಲ್ಲೇ ಕೇಳಿದಳು. ಆದರೂ ಕೇಳಿದಳಲ್ಲ.

ಸಾಕು, ತುಂಬಾ ಆಯಿತು. ಡಿಸೆಂಬರ್ ಕೊನೆಗೆ ಬರುತ್ತೇವೆ. ಅಧ್ಯಕ್ಷರಿಗೆ ಕುರ್ಚಿ ರೆಡಿ ಮಾಡಿಸು. ಮಗಳಿಗೆ ಸೈಕಲ್ ಬೆಲ್ಲಿನ ಕಥೆ ನೀನೇ ಹೇಳಬೇಕು, ಕನ್ನಡದಲ್ಲಿ. ಹೇಗೂ ಚಳಿಗಾಲ.

ಒಂದು ಸಹಾಯ ಮಾಡು. ಮಗಳು ಈಗ ಆ ಗೈಡ್ ಹಾಗೆ ನಾಲ್ಕು ಮನೆಯ ಹೆಸರು ಹೇಳಲು ಕಲಿಯುತ್ತಿದ್ದಾಳೆ. ಮೂರು ಬರೆದುಕೊಟ್ಟೆ. ನನ್ನ ಅಪ್ಪನ ಅಮ್ಮನ ತವರುಮನೆ ಯಾವುದು ಅಂತ ನನಗೆ ಗೊತ್ತಿಲ್ಲ. ಹೇಳುವವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ನಿನ್ನ ಅಮ್ಮನಿಗೆ ಗೊತ್ತಿರುತ್ತದೆ. ಕೇಳಿ ಹೇಳುತ್ತೀಯಾ?

ನಿನ್ನ,
ಮಾನಿಟರ್